ಬಹುವಚನ

ಬೆಳಿಗ್ಗೆ ಆರಕ್ಕೆ ಫೋನು. ಹಾಸನದ ಬೈಪಾಸಿನಾಚೆ
ಆಲೂಗೆಡ್ಡೆ ಶೀತಗೃಹದ ತೂಕದ ಕೋಣೆಯಿಂದ
ಜಬೀನ್ ತಾಜ್:
"ಸಾರ್, ಲಾಟ್ ಫೋಲ್ಡರ್ ಬರ್ತಿಲ್ಲ. ಮೌಂಟ್ ಮಾಡಿ."
ಅವಳ ದನಿಯ ಹಿಂದೆ ಲಾರಿಯ ಗುರುಗುಟ್ಟು,
ಜಲಂಧರದಿಂದ ಹೊರಟು ದಿನಗಟ್ಟಲೆ ಬಂದ ಬಿತ್ತನೆ ಗೆಡ್ಡೆ
ಗೇಟಿನಲ್ಲೇ ಬೆವರುತ್ತಿರುವುದು.

ನಾನು ಹಲ್ಲುಜ್ಜುತ್ತಲೇ, ಮನೆಯಿಂದಲೇ,
ರೂಟ್ ಆಗಿ ಒಳಹೊಕ್ಕು
ಸರ್ವರಿನ ಫೋಲ್ಡರನ್ನು ಅವಳ ಗಣಕಕ್ಕೆ ಕಟ್ಟಿಕೊಡುತ್ತಿದ್ದೆ.
ಎರಡು ನಿಮಿಷದ ಕೆಲಸ. ಆಮೇಲೊಂದು "ಥ್ಯಾಂಕ್ಸ್ ಸಾರ್."
ಸುಳ್ಳು ಯಾಕೆ, ಆ ಸಾರ್ ಕಿವಿಗೆ ಬೀಳದೆ
ಕಾಫಿ ಗಂಟಲಿಗೆ ಇಳಿಯುತ್ತಿರಲಿಲ್ಲ.

ರೂಟ್ ಅಂದರೆ ಬೇರು ಎಂದು ಒಮ್ಮೆ
ಮಾಲೀಕ ಜಿನೇಂದ್ರಯ್ಯನವರಿಗೆ ವಿವರಿಸಿದ್ದೆ.
ಅವರು ಕೈಲಿದ್ದ ಗೆಡ್ಡೆಯ ಕಣ್ಣು ಉಜ್ಜುತ್ತ,
"ಇದೂ ಮಣ್ಣೊಳಗೇ ಇರುತ್ತೆ," ಅಂದರು,
"ಆದ್ರೆ ಬೇರಲ್ಲಪ್ಪ. ಕಾಂಡ."

ಒಂದು ದಿನ ಶಿರಾಡಿಯ ತಿರುವುಗಳಲ್ಲಿ
ಬಸ್ಸು ಕೆಟ್ಟು ಸಿಗ್ನಲ್ ಸತ್ತು
ಮಧ್ಯಾಹ್ನಕ್ಕೆ ಜೀವ ಬಂದ ಫೋನಿನಲ್ಲಿ ಹದಿನೇಳು ಕರೆ.
ಬಂದು ನೋಡಿದರೆ ಲಾಟ್ ನಂಬರುಗಳು
ಚೀಲದ ಮೇಲೆ ಸೀಮೆಸುಣ್ಣದಲ್ಲಿ,
ಬಿಸ್ಕತ್ತಿನ ರಟ್ಟಿನ ಮೇಲೆ,
ಅದೂ ಮುಗಿದು ಜಬೀನಳ ಎಡ ಅಂಗೈಯಲ್ಲಿ.
ಜಿನೇಂದ್ರಯ್ಯ ಕೂಗಾಡಲಿಲ್ಲ.
"ಕೋಲ್ಡ್ ರೂಮಿನ ಐದೂ ಬೀಗದಕೈ ಹೊಂಬಾಳೇಗೌಡನ ಸೊಂಟದಲ್ಲಿವೆ.
ಒಳಗಿರೋದು ಲಕ್ಷಗಟ್ಟಲೆ ಮಾಲು.
ನಿನ್ನ ಫೋಲ್ಡರಲ್ಲಿ ಏನಿಟ್ಟಿದೀಯಪ್ಪ, ಬಂಗಾರವಾ?"

ಆ ರಾತ್ರಿ ಎಫ್‌ಎಸ್‌ಟ್ಯಾಬ್ ತೆರೆದು ಒಂದು ಸಾಲು ಬರೆದೆ.
ಸರ್ವರಿನ ವಿಳಾಸ, ಅದು ಬಂದು ಕೂರಬೇಕಾದ ಜಾಗ,
ತಾನಾಗಿ ಏಳಬೇಡ, ಕರೆದಾಗ ಬಾ ಎಂಬ ಅಪ್ಪಣೆ,
ಕೊನೆಗೊಂದು ಕಾಮಾ, ಮತ್ತೆ
ಕೈ ಸ್ವಲ್ಪ ತಡೆದು, ಯೂಸರ್.
ಇನ್ನು ಯಾರು ಕರೆದರೂ ಮೌಂಟ್ ಎಂಬ ಆಳು
ಅರೆಗಳಿಗೆ ಒಡೆಯನಾಗುತ್ತದೆ,
ದೇವರು ಮೈಮೇಲೆ ಬಂದವನ ಹಾಗೆ.
ಮಾತು ಮುಗಿದ ಮೇಲೆ ಒಂದು ಚೊಂಬು ನೀರು ಕುಡಿದು
ಮತ್ತದೇ ಮಾಮೂಲಿ ಮನುಷ್ಯ.

ಎರಡು ದಿನ ಫೋನು ಸುಮ್ಮನಿತ್ತು.
ಮೂರನೆಯ ರಾತ್ರಿ ಹೊಂಬಾಳೇಗೌಡ:
"ಸಾರ್, ಕರೆಂಟ್ ಹೋಗ್ಬಂತು. ಫೋಲ್ಡರ್ ಹಂಗೇ ಕಲ್ಲಾಗಿ ಕೂತದೆ.
ಬಿಚ್ಚಿ ಕಟ್ಟಾನ ಅಂದ್ರೆ, ಕಟ್ಟಿದೋರೇ ಬಿಚ್ಬೇಕಂತೆ.
ಜಬೀನಕ್ಕ ಮನೆಗೋದ್ರು."

ಮರುದಿನ ಅವಳೇ ಅಂದಳು, ಚೀಟಿ ಹರಿಯುತ್ತ,
ತಲೆ ಎತ್ತದೆ:
"ನೀವು ನಮ್ಮನ್ನ ಹೋಗಿ ಬನ್ನಿ ಅಂತ ಮಾತಾಡಿಸ್ತೀರಿ.
ಮೆಷಿನ್ನಿಗೆ ಮಾತ್ರ ಏಕವಚನ ಕಲಿಸಿದೀರಲ್ಲ ಸಾರ್."

ಅವಳು ಯಾವ ಅರ್ಥದಲ್ಲಿ ಅಂದಳೋ.
ಮ್ಯಾನುಯಲ್ಲಿನಲ್ಲಿ ಇದ್ದದ್ದು ನಿಜಕ್ಕೂ ಅಷ್ಟೇ:
ಯೂಸರ್ ಅಂದರೆ ಕಟ್ಟಿದವನೇ ಬಿಚ್ಚಬೇಕು,
ಯೂಸರ್ಸ್ ಅಂದರೆ ಯಾರಾದರೂ.
ಇಷ್ಟು ವರ್ಷ ನಾನು ಕೊಡದೆ ಉಳಿಸಿಕೊಂಡದ್ದು
ಒಂದು ಎಸ್. ಹಾಕಿದೆ. ಉಳಿಸಿ ಹೊರಬಂದೆ.

ಈಗಲೂ ಆರಕ್ಕೆ ಎಚ್ಚರವಾಗುತ್ತದೆ.
ಫೋನು ಸತ್ತಿದೆಯೋ ಎಂದು ತಿರುಗಿಸಿ ನೋಡುತ್ತೇನೆ,
ಚಾರ್ಜು ತುಂಬಿದೆ.
ಮೊನ್ನೆ ತಡೆಯಲಾರದೆ ಸ್ಕೂಟರ್ ಹತ್ತಿ ಹೋದೆ.
ಲಾರಿಗಳು ಬರುತ್ತಿದ್ದವು, ಹೋಗುತ್ತಿದ್ದವು,
ಹೊಂಬಾಳೇಗೌಡ ಒಂದು ಬೆರಳಲ್ಲಿ ಟೈಪಿಸಿ
ಫೋಲ್ಡರ್ ತೆರೆದ, ನೋಡಿದ, ಮುಚ್ಚಿದ,
ಸೊಂಟದ ಬೀಗದಕೈ ಗೊಂಚಲು ಸರಿಮಾಡಿಕೊಂಡ.

"ಏನ್ ಸಾರ್, ಈ ಕಡೆ?"
ಜಬೀನಳ ಪ್ರಶ್ನೆಗೆ ಉತ್ತರ ಸಿದ್ಧವಿರಲಿಲ್ಲ.
"ತೂಕ ನೋಡ್ಕೊಳ್ಳೋಣ ಅಂತ."
ಅವಳು ನಗಲಿಲ್ಲ. ಕೈ ತೋರಿಸಿದಳು.
ಲಾರಿ ನಿಲ್ಲುವ ಅಷ್ಟುದ್ದದ ಕಬ್ಬಿಣದ ಹಾಸಿನ ನಡುವೆ
ಸ್ಕೂಟರ್ ಸಮೇತ ನಿಂತೆ.

"ನೂರಾ ಎಂಬತ್ತು," ಕಿಟಕಿಯಿಂದ ಕೂಗಿದಳು,
"ಹತ್ತು ಕಿಲೋ ಆಚೀಚೆ ಇದಕ್ಕೆ ಗೊತ್ತಾಗಲ್ಲ ಸಾರ್.
ಸ್ವಲ್ಪ ಮುಂದೆ ತಗೊಳ್ಳಿ,
ಹಿಂದೆ ಗಾಡಿ ಬಂತು."